ವಿನ್ಯಾಸದ ಓದು ಯಾರಿಗೆ?

ಈ ಬೇಸಿಗೆಯ ಒಂದು ಸಂಜೆ ನಮ್ಮ ಕಾಲೇಜಿನ ಕಲಾವಿಭಾಗದ ವಿದ್ಯಾರ್ಥಿನಿಯೊಬ್ಬಳು ತನ್ನ ತಂದೆಯೊಡನೆ ಮನೆಗೆ ಬಂದಳು. ಪ್ರಥಮ ಪಿ.ಯು.ಸಿ. ಮುಗಿಸಿದ್ದಾಳೆ, ಕನ್ನಡದಲ್ಲಿ ಚುರುಕು. ಮುಂದೆ ಐಚ್ಛಿಕ ಕನ್ನಡದ ಹಾದಿ ಹಿಡಿಯುವಳೆಂದು ನಾನು ಮನಸ್ಸಿನಲ್ಲೇ ಮಂಡಿಗೆ ತಿಂದಿದ್ದೆ. ಅವಳೋ, "ಡಿಸೈನ್ ಓದಬೇಕೆಂದಿದ್ದೇನೆ, ಸಾರ್" ಎಂದಳು. ತಂದೆ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವರು. ಫ್ಲೆಕ್ಸ್ ಬಂದ ಮೇಲೆ ಆ ಕಸುಬು ಬಿಟ್ಟು ಮನೆಗಳ ಗೋಡೆಗೆ ಬಣ್ಣ ಬಳಿಯುತ್ತಾರೆ. "ಅಕ್ಷರ ಬರೆದು ನಾನು ಏನು ಕಟ್ಟಿಕೊಂಡೆ ಅಂತ ಇವಳಿಗೆ ಗೊತ್ತು. ಅದನ್ನೇ ದುಡ್ಡು ಕೊಟ್ಟು ಕಲೀತೀನಿ ಅಂತಾಳೆ. ನೀವಾದರೂ ಬುದ್ಧಿ ಹೇಳಿ ಸಾರ್" ಎಂದರು. ಬುದ್ಧಿ ಹೇಳುವುದು ಅಧ್ಯಾಪಕರ ಹುಟ್ಟುಗುಣ. ಆದರೂ ಅಂದು ನನಗೆ ಮಾತು ಹೊರಡಲಿಲ್ಲ. ಆ ಓದಿನ ವಿಷಯದಲ್ಲಿ ನನಗೆ ತಿಳಿದುದು ಅಷ್ಟು ಅಲ್ಪ. ಅಂದಿನಿಂದೀಚೆಗೆ ಕೊಂಚ ವಿಚಾರಿಸಿದ್ದೇನೆ.

ವಿನ್ಯಾಸವೆಂಬ ಮಾತು ಸಾಹಿತ್ಯದ ವಿದ್ಯಾರ್ಥಿಗಳಿಗೆ ಹೊಸತಲ್ಲ. ಪದವಿನ್ಯಾಸವೆಂದು ತರಗತಿಯಲ್ಲಿ ದಿನವೂ ಹೇಳುತ್ತೇವೆ. ಇರುವ ಪದಗಳನ್ನೇ ಉದ್ದೇಶವರಿತು ಜೋಡಿಸುವ ಬಗೆ ಅದು. ವಸ್ತುಗಳ ವಿನ್ಯಾಸವೂ ಇದರಿಂದ ದೂರದ್ದಲ್ಲ. ಆದರೆ ನಮ್ಮಲ್ಲಿ ಅನೇಕರು ಅದನ್ನು ಸೀರೆಯಂಚಿನ ಬಳ್ಳಿಯೆಂದೋ ಸಿರಿವಂತರ ಉಡುಪೆಂದೋ ಭಾವಿಸಿದ್ದಾರೆ. ಭಾರತ ಸರ್ಕಾರದ ಆಹ್ವಾನದ ಮೇಲೆ ಬಂದಿದ್ದ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು 1958ರಲ್ಲಿ ಒಪ್ಪಿಸಿದ ವರದಿಯನ್ನು ಅಂಥವರು ನೋಡಬೇಕು. ಈ ದೇಶದಲ್ಲಿ ಕಂಡ ವಸ್ತುಗಳಲ್ಲಿ ಅವರು ಬಹಳವಾಗಿ ಮೆಚ್ಚಿದುದು ಅರಮನೆಯ ಒಡವೆಯನ್ನಲ್ಲ, ನಮ್ಮ ಮನೆಮನೆಯ ನೀರಿನ ಚೆಂಬನ್ನು! ತುಂಬಿದಾಗ ಅದರ ಭಾರ ಎಲ್ಲಿ ನಿಲ್ಲುತ್ತದೆ, ಬರಿದಾದಾಗ ಎಲ್ಲಿ? ಸೊಂಟದ ಮೇಲೆ ಹೇಗೆ ಕೂರುತ್ತದೆ? ನೀರು ಹೇಗೆ ಸುರಿಯುತ್ತದೆ? ತೊಳೆಯಲು ಸುಲಭವೆ? ಬೆಲೆಯೆಷ್ಟು? ಇಂಥ ಪ್ರಶ್ನೆಗಳನ್ನು ಒಂದೊಂದಾಗಿ ಹಾಕಿ, ಇದು ಯಾವನೋ ಒಬ್ಬನ ಕೈವಾಡವಲ್ಲ, ಹೆಸರಿಲ್ಲದ ಎಷ್ಟೋ ತಲೆಮಾರುಗಳು ಕೂಡಿ ತಿದ್ದಿದ ರೂಪವೆಂದು ಕಂಡುಕೊಂಡರು. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು.

ಅಲ್ಲಿಂದೀಚೆಗೆ ಬಾಗಿಲುಗಳು ಹೆಚ್ಚಿವೆ. ಮುಂಬಯಿಯ ಐ.ಐ.ಟಿ.ಯಲ್ಲಿ 1969ರಿಂದ ವಿನ್ಯಾಸದ ಕೇಂದ್ರವಿದೆ. ಬೆಂಗಳೂರಿನಲ್ಲೇ ಅಹಮದಾಬಾದು ಸಂಸ್ಥೆಯ ಶಾಖೆಯೂ ನಿಫ್ಟ್ ಸಂಸ್ಥೆಯೂ ಇವೆ. ಓದಿ ಬಂದವರು ಕೈಗಡಿಯಾರ, ಕುರ್ಚಿ, ಬಸ್ಸಿನ ಆಸನ, ಜವಳಿ, ಪುಸ್ತಕದ ಪುಟ, ಮೊಬೈಲಿನ ತೆರೆ ಮುಂತಾದುವಕ್ಕೆ ರೂಪ ಕೊಡುತ್ತಾರೆ. ಕೊನೆಯ ಬಗೆಯವರಿಗೆ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೆಲಸವುಂಟು. ಚನ್ನಪಟ್ಟಣದ ಬೊಂಬೆ ಮಾಡುವವರೊಡನೆ ಕುಳಿತು ಹೊಸ ಆಟಿಕೆಗಳನ್ನು ತೆಗೆಯುವವರೂ ಇದ್ದಾರೆ.

ಆದರೆ ನನ್ನ ಮನಸ್ಸು ನಿಂತುದು ಆ ತಂದೆಯ ಕಸುಬಾಗಿದ್ದ ಅಕ್ಷರದ ಬಳಿ. 2010ರ ಜುಲೈ 15ರಂದು ಕೇಂದ್ರ ಸಚಿವ ಸಂಪುಟ ಒಪ್ಪಿದ ರೂಪಾಯಿಯ ಚಿಹ್ನೆಯನ್ನು ರಚಿಸಿದ ಡಿ. ಉದಯಕುಮಾರ್, ಮುಂಬಯಿಯ ಆ ಕೇಂದ್ರದಲ್ಲಿ ತಮಿಳು ಅಕ್ಷರಗಳ ರೂಪವನ್ನು ಅಭ್ಯಾಸ ಮಾಡಿದವರು. ವಿಂಡೋಸ್ ಗಣಕಗಳಲ್ಲಿ ನಾವು ಬಹುಕಾಲ ಓದಿದ 'ತುಂಗಾ' ಎಂಬ ಕನ್ನಡ ಅಕ್ಷರಮಾಲೆಯ ರಚನೆಗೆ ಮುಖ್ಯರಾಗಿದ್ದವರು ಮರಾಠಿ ಕವಿಯೂ ಆಗಿದ್ದ ಆರ್. ಕೆ. ಜೋಶಿ. ಅವರಿಗೆ ನಮ್ಮ ಕೃತಜ್ಞತೆ ಸಲ್ಲಬೇಕು. ವರ್ಷವರ್ಷವೂ ಕನ್ನಡ ಎಂ.ಎ.ಗಳನ್ನು ತಯಾರಿಸುವ ನಾವಾದರೋ ಲಿಪಿಯ ಚರಿತ್ರೆಯನ್ನು ಕಲಿಸಿದೆವು. ಆ ಲಿಪಿಯನ್ನು ಇಂದು ಬರೆಯುವವರು ಯಾರೆಂದು ಕೇಳಲಿಲ್ಲ.

2024ರ ತಿದ್ದುಪಡಿಯಿಂದಾಗಿ ನಾಮಫಲಕಗಳಲ್ಲಿ ಶೇಕಡ 60 ಭಾಗ ಕನ್ನಡವಿರಬೇಕೆಂದು ನಮ್ಮ ರಾಜ್ಯದಲ್ಲಿ ಕಾನೂನಾಗಿದೆ. ಒಳ್ಳೆಯದೇ ಆಯಿತು. ಆದರೆ ಯಾವ ಪೇಟೆಬೀದಿಯಲ್ಲಾದರೂ ಒಮ್ಮೆ ತಲೆಯೆತ್ತಿ ನಡೆದು ನೋಡಿ. ಇಂಗ್ಲಿಷಿನ ದೊಡ್ಡಕ್ಷರಗಳು ಎರಡು ಗೆರೆಗಳ ನಡುವೆ ಸುಖವಾಗಿ ನಿಲ್ಲುತ್ತವೆ. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. 'ರಾಷ್ಟ್ರೀಯ' ಎಂಬ ಮಾತಿನಲ್ಲಿ ಒಂದು ಷಕಾರದ ಹೆಗಲಿಗೆ ಎರಡು ಒತ್ತುಗಳು. ಇಂಗ್ಲಿಷಿನ ಅಳತೆಗೆ ಕೊಯ್ದ ಫಲಕದಲ್ಲಿ ಇದನ್ನು ತುರುಕಿದರೆ ಒತ್ತು ಚೌಕಟ್ಟಿನಡಿ ಮುಚ್ಚಿಹೋಗುತ್ತದೆ, ಇಲ್ಲವೆ ಅಕ್ಷರ ಚಪ್ಪಟೆಯಾಗುತ್ತದೆ. ಪಕಾರವನ್ನು ಷಕಾರ ಮಾಡುವ ಒಳಗೆರೆ ರಸ್ತೆಯ ಆಚೆಯಿಂದ ಕಾಣುವುದೇ ಇಲ್ಲ. ಕಾನೂನು ಜಾಗ ಕೊಡಿಸಿದೆ. ಆ ಜಾಗದಲ್ಲಿ ಕನ್ನಡವನ್ನು ಕೂರಿಸಬಲ್ಲವರು ಬೇಕು, ಮತ್ತು ಅವರಿಗೆ ಕನ್ನಡ ಬರಬೇಕು.

ಹೀಗೆಂದು ಹುಡುಗಿಗೆ ಹಾದಿ ಸುಗಮವೆಂದು ಹೇಳಲಾರೆ. ಐ.ಐ.ಟಿ.ಗಳ ವಿನ್ಯಾಸ ಪದವಿಗಾಗಿ ನಡೆಯುವ 'ಯುಸೀಡ್' ಪರೀಕ್ಷೆಗೆ ಕಲಾವಿಭಾಗದವರೂ ಕೂರಬಹುದು. ಕೈಯಿಂದ ಚಿತ್ರ ಬರೆಯುವ ಭಾಗವೂ ಅದರಲ್ಲಿದೆ. ಆದರೆ ಪ್ರಶ್ನೆಪತ್ರಿಕೆ ಇಂಗ್ಲಿಷಿನದು. ಸರ್ಕಾರಿ ಸಂಸ್ಥೆಗಳಲ್ಲೂ ವರ್ಷದ ಶುಲ್ಕ ಲಕ್ಷಗಳ ಲೆಕ್ಕ. ಚೆಂಬನ್ನು ರೂಪಿಸಿದವರ ಮಕ್ಕಳಿಗೆ ಚೆಂಬಿನ ಪಾಠ ಕೇಳಲು ಇಷ್ಟು ತೆರಬೇಕೆಂಬುದು ನನಗಂತೂ ನುಂಗಲಾರದ ತುತ್ತು.

ಮೊನ್ನೆ ಅವರಿಬ್ಬರೂ ಮತ್ತೆ ಬಂದಿದ್ದರು. ಒತ್ತಿನ ವಿಷಯ ಎತ್ತಿದೆ. ತಂದೆ ನಕ್ಕು, "ಮೊದಲು ಒತ್ತಿಗೆ ಜಾಗ ಬಿಟ್ಟುಕೊಂಡು ಆಮೇಲೇ ಗೆರೆ ಎಳೀತಿದ್ದೆ ಸಾರ್, ಅದನ್ನ ಯಾರೂ ಹೇಳಿಕೊಡಲಿಲ್ಲ" ಎಂದರು. ಮಗಳು ಅವರ ಮುಖವನ್ನೇ ನೋಡುತ್ತಿದ್ದಳು. ಅರ್ಜಿ ತುಂಬುವ ಕಾಲ ಅಕ್ಟೋಬರಿಗೆ, ಪರೀಕ್ಷೆ ಜನವರಿಯಲ್ಲಿ. ನಮ್ಮ ಇಂಗ್ಲಿಷ್ ಅಧ್ಯಾಪಕರು ವಾರಕ್ಕೆರಡು ಸಂಜೆ ಪಾಠ ಹೇಳಲು ಒಪ್ಪಿದ್ದಾರೆ. ರೇಖೆಯ ಅಭ್ಯಾಸಕ್ಕೆ ತಂದೆಯೇ ಇದ್ದಾರೆ. ಹಣದ ಮಾತನ್ನು ನಾವಿನ್ನೂ ಆಡಿಲ್ಲ.