ತುಕ್ಕು ಹಿಡಿದ ಮೋರಿ: ಮೊದಲು ಹಳ್ಳವನ್ನು ಅಳೆಯೋಣ

ಮಲೆನಾಡಿನ ರಸ್ತೆಗಳ ಕುರಿತ ನಮ್ಮ ಚರ್ಚೆ ಬಹುಪಾಲು ಡಾಂಬರಿನ ಮೇಲ್ಮೈಗೇ ಸೀಮಿತವಾಗಿದೆ. ಆದರೆ ರಸ್ತೆಯ ಆಯುಷ್ಯವನ್ನು ನಿರ್ಧರಿಸುವುದು ಅದರ ಅಡಿಯಲ್ಲಿ ಸದ್ದಿಲ್ಲದೆ ನೀರು ದಾಟಿಸುವ ಮೋರಿ. ಹಳೆಯ ತೋಟದ ದಾರಿಗಳಲ್ಲಿ, ಕೂಪು ರಸ್ತೆಗಳಲ್ಲಿ ಹೂತಿಟ್ಟ ಕಬ್ಬಿಣದ ಕೊಳವೆಗಳಿಗೂ, ತಳ ಕತ್ತರಿಸಿ ಒಂದಕ್ಕೊಂದು ಬೆಸೆದ ಡಾಂಬರು ಡ್ರಮ್ಮುಗಳಿಗೂ ಈಗ ವಯಸ್ಸಾಗಿದೆ. ಇವನ್ನು ದುರಸ್ತಿ ಮಾಡಬೇಕೋ, ಕಿತ್ತು ಬದಲಾಯಿಸಬೇಕೋ? ಉತ್ತರವನ್ನು ಕೊಳವೆಯಲ್ಲಿ ಮಾತ್ರ ಹುಡುಕಿದರೆ ಸಾಲದು, ಹಳ್ಳದಲ್ಲಿ ಹುಡುಕಬೇಕು ಎಂಬುದು ನನ್ನ ಅಭಿಪ್ರಾಯ.

ಕಬ್ಬಿಣದ ಕೊಳವೆ ಸಾಮಾನ್ಯವಾಗಿ ತಳದಿಂದ ಸವೆಯುತ್ತದೆ. ನೀರಿನೊಡನೆ ಉರುಳುವ ಮರಳು, ಕಲ್ಲು ಸತುವಿನ ಲೇಪವನ್ನು ಉಜ್ಜಿ ತೆಗೆಯುತ್ತವೆ. ನಮ್ಮ ಮಣ್ಣು ಹುಳಿಯಾದುದು. ರಸಸಾರ 6ಕ್ಕಿಂತ ಕೆಳಗಿಳಿದಲ್ಲಿ ಸತು ಬೇಗ ಕರಗುತ್ತದೆ. ತಳ ತೂತಾದ ಬಳಿಕ ನೀರು ಕೊಳವೆಯ ಹೊರಗೆ ದಾರಿ ಮಾಡಿಕೊಂಡು ಮಣ್ಣನ್ನು ಒಯ್ಯುತ್ತದೆ. ತೆಳು ಲೋಹದ ಕೊಳವೆ ಭಾರ ಹೊರುವುದು ಸುತ್ತಲಿನ ಗಟ್ಟಿಮಣ್ಣಿನ ಆಸರೆಯಿಂದ. ಆ ಆಸರೆ ತಪ್ಪಿದರೆ, ಮೇಲೆ ಡಾಂಬರು ನೆಟ್ಟಗಿರುವಾಗಲೇ ರಸ್ತೆ ಕುಸಿಯುತ್ತದೆ.

ದುರಸ್ತಿಗೆ ಮುಖ್ಯವಾಗಿ ಮೂರು ದಾರಿಗಳಿವೆ. ಕೊಳವೆಯ ಆಕಾರ ಕೆಡದೆ ತಳ ಮಾತ್ರ ಸವೆದಿದ್ದರೆ ತಳಕ್ಕೆ ಕಾಂಕ್ರೀಟು ಹಾಸುವುದು ಒಂದು. ಹಳೆಯ ಕೊಳವೆಯೊಳಗೆ ಕಿರಿದಾದ ಪ್ಲಾಸ್ಟಿಕ್ ಕೊಳವೆಯನ್ನು ತೂರಿಸಿ, ನಡುವಿನ ಸಂದಿಗೆ ಸಿಮೆಂಟಿನ ತೆಳುಗಾರೆ ತುಂಬುವುದು ಎರಡನೆಯದು. ರಸ್ತೆಯನ್ನು ಕಡಿದು ದೊಡ್ಡ ಸಿಮೆಂಟು ಕೊಳವೆಯನ್ನೋ ಚಪ್ಪಡಿ ಮೋರಿಯನ್ನೋ ಕಟ್ಟುವುದು ಮೂರನೆಯದು.

ಎರಡನೆಯ ದಾರಿ ಆಕರ್ಷಕ. ರಸ್ತೆ ಕಡಿಯಬೇಕಿಲ್ಲ, ಸಂಚಾರ ನಿಲ್ಲುವುದಿಲ್ಲ. ಹೊಸ ಕೊಳವೆ ನುಣುಪಾದುದರಿಂದ ಕಿರಿದಾದರೂ ಅಷ್ಟೇ ನೀರನ್ನು ಸಾಗಿಸುತ್ತದೆಂಬ ವಾದವೂ ಇದೆ. ಬಯಲು ಸೀಮೆಯ ಸಪಾಟು ನೆಲದಲ್ಲಿ ಈ ವಾದಕ್ಕೆ ಅರ್ಥವಿದೆ. ಕಡಿದಾದ ಇಳಿಜಾರಿನಲ್ಲಿ ಮಾತ್ರ ಕೊಳವೆಯ ಒಳಗೆ ಹೊಕ್ಕ ನೀರು ಹೇಗೂ ರಭಸದಿಂದ ಇಳಿದುಹೋಗುತ್ತದೆ. ಎಷ್ಟು ನೀರು ದಾಟೀತೆಂಬುದನ್ನು ನಿರ್ಧರಿಸುವುದು ಕೊಳವೆಯ ಬಾಯಿ. 900 ಮಿಲಿಮೀಟರ್ ವ್ಯಾಸದ ಕೊಳವೆಯೊಳಗೆ 750ರದನ್ನು ತೂರಿಸಿದರೆ ಬಾಯಿಯ ವಿಸ್ತಾರ ಸುಮಾರು ಶೇಕಡಾ 30ರಷ್ಟು ಕುಗ್ಗುತ್ತದೆ. ಒಂದು ಕೊಂಬೆ ಅಡ್ಡ ಸಿಕ್ಕಿದರೆ ಸಾಕು, ನೀರು ರಸ್ತೆಯ ಮೇಲೇರಿ ಕೆಳಗಿನ ಗದ್ದೆಗೆ ನುಗ್ಗುತ್ತದೆ. ನುಣುಪು ಕೊಳವೆಯಿಂದ ಚಿಮ್ಮುವ ನೀರು ಹೊರಬಾಯಿಯಲ್ಲಿ ಕೊರಕಲನ್ನೂ ತೋಡುತ್ತದೆ. ಮುಂಗಾರಿನಲ್ಲಿ ಮೇಲಕ್ಕೆ ಹತ್ತುವ ಮೀನುಗಳ ದಾರಿಯೂ ಅಲ್ಲಿಗೆ ಮುಗಿಯುತ್ತದೆ.

ಆದುದರಿಂದ ತೀರ್ಮಾನಕ್ಕೆ ಮುನ್ನ ಮೂರು ಸಂಗತಿಗಳನ್ನು ನೋಡಬೇಕು. ಹಳ್ಳ ದಂಡೆ ತುಂಬಿ ಹರಿಯುವಾಗಿನ ಅಗಲಕ್ಕಿಂತ ಮೋರಿಯ ಬಾಯಿ ಕಿರಿದಾಗಿದೆಯೇ? ಮೇಲ್ಗಡೆ ಕಾಡು ಕಡಿದು, ಗುಡ್ಡ ಸಮತಟ್ಟು ಮಾಡಿ ಹರಿದುಬರುವ ನೀರು ಹೆಚ್ಚಿದೆಯೇ? ಮೋರಿಯ ಮೇಲೆ ರಸ್ತೆ ತಗ್ಗಾಗಿ, ಕೊಳವೆಯ ಪಕ್ಕದಿಂದ ಕೆಂಪು ನೀರು ಒಸರುತ್ತಿದೆಯೇ? ಮೊದಲೆರಡಕ್ಕೆ ಹೌದೆಂಬ ಉತ್ತರ ಬಂದರೆ ದೊಡ್ಡ ಮೋರಿಯೇ ಸರಿ. ಮೂರನೆಯದು ತಡಮಾಡಬಾರದೆಂಬ ಎಚ್ಚರಿಕೆ. ಹಳ್ಳ ಚಿಕ್ಕದಾಗಿ, ಕೊಳವೆಯ ಮೇಲೆ ಹತ್ತಾರು ಅಡಿ ಮಣ್ಣು ತುಂಬಿದ್ದಲ್ಲಿ ಒಳಕೊಳವೆ ಸೂಕ್ತವಾದೀತು. ಅಲ್ಲಿಯೂ ಹೊರಬಾಯಿಗೆ ಕಲ್ಲುಹಾಸು ಬೇಕು.

ದೊಡ್ಡ ಮೋರಿಗೆ ಹಣವೆಲ್ಲಿ ಎಂಬ ಆಕ್ಷೇಪ ನ್ಯಾಯವಾದುದೇ. ಕೊಚ್ಚಿಹೋದ ರಸ್ತೆ, ಮರಳು ತುಂಬಿದ ಗದ್ದೆ, ದಾರಿಯಿಲ್ಲದೆ ಆಸ್ಪತ್ರೆ ತಲುಪಲಾಗದ ರೋಗಿ, ಇವೂ ಅದೇ ಲೆಕ್ಕದಲ್ಲಿ ಬರಬೇಕಲ್ಲವೇ? 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, ಇಳಿಜಾರನ್ನು ಕಡಿದದ್ದೂ ನೀರಿನ ಸಹಜ ಹಾದಿಗೆ ತಡೆಯೊಡ್ಡಿದ್ದೂ ಕಾರಣಗಳ ಸಾಲಿನಲ್ಲಿದ್ದವು.

ಎಲ್ಲ ಮೋರಿಗಳನ್ನೂ ಒಂದೇ ವರ್ಷ ಬದಲಾಯಿಸಲಾಗದು. ಯಾವುದು ಮೊದಲೆಂಬ ಪಟ್ಟಿಯನ್ನು ಊರೇ ಸಿದ್ಧಪಡಿಸಬಹುದು. ಪದವಿ ತರಗತಿಯ ವಿದ್ಯಾರ್ಥಿಗಳು ಮಾರ್ಚ್ ತಿಂಗಳಲ್ಲಿ ಒಂದು ಅಳತೆಪಟ್ಟಿ ಹಿಡಿದು ಹಳ್ಳದ ಅಗಲ, ಕೊಳವೆಯ ವ್ಯಾಸ, ತುಕ್ಕಿನ ಸ್ಥಿತಿಯನ್ನು ದಾಖಲಿಸಲಿ. ನೆರೆ ಎಲ್ಲಿಯವರೆಗೆ ಏರಿತ್ತೆಂಬುದನ್ನು ಹಿರಿಯರು ತೋರಿಸಲಿ. ಆ ಪಟ್ಟಿ ಗ್ರಾಮಸಭೆಯ ನಡಾವಳಿಯಲ್ಲಿ ಸೇರಲಿ. ಮೃಗಶಿರ ಮಳೆ ಹಿಡಿದ ಮೇಲೆ ಸಿಮೆಂಟು ಕಲಸುವುದೆಂದರೆ ಹಣವನ್ನು ಹಳ್ಳಕ್ಕೆ ಸುರಿದಂತೆಯೇ ಸರಿ.