ನೀರಿಲ್ಲದ ಮುಳುಗಡೆ

ನ್ಯೂಯಾರ್ಕ್ ರಾಜ್ಯದ ರಾಜಧಾನಿ ನ್ಯೂಯಾರ್ಕ್ ನಗರವಲ್ಲ. ಹಡ್ಸನ್ ನದಿಯ ದಡದ ಆಲ್ಬನಿ ಎಂಬ ಮಧ್ಯಮ ಗಾತ್ರದ ಊರು. 44 ಅಂತಸ್ತಿನ, 180 ಮೀಟರ್ ಎತ್ತರದ ಸರ್ಕಾರಿ ಕಚೇರಿಗಳ ಗೋಪುರವೊಂದು ಇಡೀ ಊರನ್ನು ಕುಬ್ಜಗೊಳಿಸಿ ಅಲ್ಲಿ ನಿಂತಿದೆ. ಆಧುನಿಕ ವಾಸ್ತುಶಿಲ್ಪದ ಸಾಧನೆಯೆಂದು ಅದನ್ನು ಹೊಗಳುವವರಿದ್ದಾರೆ. ಇರಲಿ.

ಆ ನೆಲ ಖಾಲಿ ಬಯಲಾಗಿರಲಿಲ್ಲ. 1959ರಲ್ಲಿ ನೆದರ್‌ಲೆಂಡ್ಸಿನ ರಾಜಕುಮಾರಿ ಬಿಯಾಟ್ರಿಕ್ಸ್ ಬಂದಾಗ ಅಲ್ಲಿನ ಹಳೆಯ ಕೇರಿಗಳು ಅತಿಥಿಯ ಕಣ್ಣಿಗೆ ಬಿದ್ದುದು ಗವರ್ನರ್ ನೆಲ್ಸನ್ ರಾಕ್‌ಫೆಲರ್ ಅವರಿಗೆ ಮುಜುಗರವೆನಿಸಿತು. 1962ರಲ್ಲಿ ಸರ್ಕಾರ 98 ಎಕರೆಯನ್ನು ಸ್ವಾಧೀನಪಡಿಸಿಕೊಂಡಿತು. ಇಟಲಿ ಮೂಲದ ಕುಟುಂಬಗಳು, ಆಫ್ರಿಕನ್ ಮೂಲದವರು, ಬಾಡಿಗೆ ಕೋಣೆಗಳ ವೃದ್ಧರು ಸೇರಿ ಸುಮಾರು 7,000 ಜನ ಚದುರಿಹೋದರು. ಮನೆ, ಅಂಗಡಿ, ಬೀದಿಗಳು ನೆಲಸಮವಾದವು. ಮುಳುಗಡೆಯ ಮಾತನ್ನು ಬಲ್ಲ ಮಲೆನಾಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಣ ಹೊಂದಿಸಿದ ಬಗೆಯನ್ನು ಮಾತ್ರ ವಿದ್ಯಾರ್ಥಿಗಳು ಗಮನವಿಟ್ಟು ಓದಬೇಕು. ರಾಜ್ಯವು ತಾನೇ ಅಷ್ಟು ಸಾಲವೆತ್ತಲು ಮತದಾರರ ಒಪ್ಪಿಗೆ ಬೇಕಿತ್ತು. ಕೇಳಿದರೆ ಅವರು ಬೇಡವೆಂದಾರೆಂಬ ಭಯ! ಆದ್ದರಿಂದ ಜಿಲ್ಲಾಡಳಿತದ ಹೆಸರಿನಲ್ಲಿ ಬಾಂಡ್ ಹೊರಡಿಸಿ, ರಾಜ್ಯವು ಬಾಡಿಗೆಯ ರೂಪದಲ್ಲಿ ಅದನ್ನು ತೀರಿಸುವ ಏರ್ಪಾಟಾಯಿತು. 25 ಕೋಟಿ ಡಾಲರಿನ ಅಂದಾಜು ಕೊನೆಗೆ 200 ಕೋಟಿಯ ಸಮೀಪ ಮುಟ್ಟಿತು. ಜನರ ಒಪ್ಪಿಗೆಯನ್ನು ಬಳಸಿಕೊಂಡು ಹೋಗುವ ಈ ದಾರಿಯನ್ನು ತೋರಿಸಿಕೊಟ್ಟವರು ಆರಂಭದಲ್ಲಿ ಯೋಜನೆಯನ್ನು ವಿರೋಧಿಸಿದ್ದ ಮೇಯರ್ ಎರಾಸ್ಟಸ್ ಕಾರ್ನಿಂಗ್.

42ನೆಯ ಅಂತಸ್ತಿನ ವೀಕ್ಷಣಾಲಯದಿಂದ ನದಿಯೂ ದೂರದ ಬೆಟ್ಟಸಾಲುಗಳೂ ಕಾಣುತ್ತವೆ. ಅಳಿದ ಬೀದಿಗಳು ಕಾಣುವುದಿಲ್ಲ. ಮೇಯರ್ ತೀರಿಕೊಂಡ 1983ರಲ್ಲಿ ಗೋಪುರಕ್ಕೆ ಅವರದೇ ಹೆಸರನ್ನಿಡಲಾಯಿತು.