ಮರದ ಗಾಯವೂ ಅಣಬೆಯೂ

ಅಂಗಳದ ಹಲಸಿನ ಬುಡದಲ್ಲಿ ಗಟ್ಟಿ ಅಣಬೆಯೊಂದು ಮೂಡಿದರೆ ನಾವು ಅದನ್ನು ಕತ್ತಿಯಿಂದ ಕೆತ್ತಿ ತೆಗೆದು ನಿಶ್ಚಿಂತರಾಗುತ್ತೇವೆ. ಆದರೆ ಅದು ರೋಗದ ಆರಂಭವಲ್ಲ. ಮರದೊಳಗೆ ಬಹುಕಾಲದಿಂದ ಹಬ್ಬಿರುವ ಶಿಲೀಂಧ್ರದ ಫಲ ಮಾತ್ರ. ಹಣ್ಣು ಕಿತ್ತ ಮಾತ್ರಕ್ಕೆ ಗಿಡ ಸಾಯದಷ್ಟೆ.

ಮರ ಕೊಳೆತುದರಿಂದ ಅಣಬೆ ಹುಟ್ಟುತ್ತದೆಂದು ಹಿಂದೆ ವಿದ್ವಾಂಸರೂ ನಂಬಿದ್ದರು. ಅಣಬೆಯಿಂದಲೇ ಮರ ಕೊಳೆಯುತ್ತದೆಂಬುದನ್ನು 1870ರ ದಶಕದಲ್ಲಿ ಜರ್ಮನಿಯ ಅರಣ್ಯವಿಜ್ಞಾನಿ ರಾಬರ್ಟ್ ಹಾರ್ಟಿಗ್ ತೋರಿಸಿಕೊಟ್ಟರು.

ಮರದ ರಚನೆ ಕಾಂಕ್ರೀಟಿನಂತಹುದು. ಸೆಲ್ಯುಲೋಸಿನ ಎಳೆಗಳು ಕಬ್ಬಿಣದ ಸರಳುಗಳಾದರೆ, ಅವನ್ನು ಬಂಧಿಸುವ ಲಿಗ್ನಿನ್ ಗಾರೆಯಾಗಿದೆ. ಈ ಲಿಗ್ನಿನ್ನಿನ ಜೋಡಣೆಯಲ್ಲಿ ಒಂದೇ ಬಗೆಯ ಕ್ರಮವಿಲ್ಲದ ಕಾರಣ ಸಾಮಾನ್ಯ ಕಿಣ್ವಗಳು ಅದನ್ನು ಬಿಡಿಸಲಾರವು. ಆದರೂ ಕೆಲವು ಶಿಲೀಂಧ್ರಗಳು ಹೈಡ್ರೊಜನ್ ಪೆರಾಕ್ಸೈಡಿನ ನೆರವಿನಿಂದ ಕೆಲಸಮಾಡುವ ಕಿಣ್ವಗಳನ್ನು ಸ್ರವಿಸಿ ಲಿಗ್ನಿನ್ನನ್ನು ಒಡೆಯುತ್ತವೆ. ಅಂತಹ ಕಿಣ್ವವೊಂದು 1983ರಲ್ಲಿ ಪತ್ತೆಯಾಯಿತು. ಹೀಗೆ ಕೊಳೆತ ಮರ ಬೆಳ್ಳಗಾಗಿ ನಾರುನಾರಾಗುತ್ತದೆ. ಮತ್ತೊಂದು ಗುಂಪಿನ ಶಿಲೀಂಧ್ರಗಳು ಕಬ್ಬಿಣದ ಅಂಶವನ್ನೂ ಪೆರಾಕ್ಸೈಡನ್ನೂ ಕೂಡಿಸಿ ಉಗ್ರವಾದ ರಾಸಾಯನಿಕ ಕಣಗಳನ್ನು ಹುಟ್ಟಿಸಿ ಸೆಲ್ಯುಲೋಸನ್ನು ತುಂಡರಿಸುತ್ತವೆ. ಆಗ ಉಳಿಯುವುದು ಕಂದುಬಣ್ಣದ ಲಿಗ್ನಿನ್; ಮರ ಚೌಕಚೌಕವಾಗಿ ಬಿರಿದು, ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತದೆ.

ಒಳಗೆ ಇಷ್ಟಾದರೂ ಮರ ಹಸುರಾಗಿಯೇ ನಿಂತಿರುವುದುಂಟು. ಕೆಚ್ಚು ಬಹುಮಟ್ಟಿಗೆ ನಿರ್ಜೀವ ಭಾಗ. ನೀರು ಮೇಲೇರುವುದು ಅದರ ಹೊರಗಿನ ಬಿಳಿಯ ಪದರದಲ್ಲಿ, ಆಹಾರ ಕೆಳಗಿಳಿಯುವುದು ತೊಗಟೆಯ ಒಳಮೈಯಲ್ಲಿ. ಆದುದರಿಂದಲೇ ಪೊಟರೆಬಿದ್ದ ಹುಣಸೆಯೂ ಕಾಯಿ ಬಿಡುತ್ತದೆ.

ಮರದ ಗಾಯ ನಮ್ಮ ಗಾಯದಂತೆ ಮಾಯುವುದಿಲ್ಲ. ಕೆಟ್ಟ ಭಾಗದ ಸುತ್ತ ಮರವು ರಾಸಾಯನಿಕ ಗೋಡೆಯನ್ನು ಕಟ್ಟಿ, ಅದರ ಹೊರಗೆ ಹೊಸ ಮರವನ್ನು ಬೆಳೆಸಿಕೊಳ್ಳುತ್ತದೆ. ಅಮೆರಿಕದ ಅಲೆಕ್ಸ್ ಶೀಗೋ ಸಾವಿರಾರು ಮರಗಳನ್ನು ಸೀಳಿ ಪರೀಕ್ಷಿಸಿ, 1977ರಲ್ಲಿ ಈ ತತ್ತ್ವವನ್ನು ವಿವರಿಸಿದರು. ಪೊಟರೆಯನ್ನು ಕೆರೆದು ಸಿಮೆಂಟು ತುಂಬುವ ನಮ್ಮ ಉಪಚಾರ ಈ ಗೋಡೆಯನ್ನೇ ಒಡೆದು ಕೊಳೆತಕ್ಕೆ ದಾರಿಮಾಡಿಕೊಡುತ್ತದೆ. ಗಾಯಕ್ಕೆ ಬಳಿಯುವ ಡಾಂಬರೂ ಅದನ್ನು ತಡೆಯಲಾರದು.

ಹಾಗಾದರೆ ನಮ್ಮ ಕರ್ತವ್ಯವೇನು? ಗಾಯವಾಗದಂತೆ ಎಚ್ಚರವಹಿಸುವುದೇ ಮೊದಲನೆಯದು. ಸೊಪ್ಪಿಗೆಂದು ಕೊಂಬೆ ಕಡಿಯುವಾಗ ಕಾಂಡದ ತೊಗಟೆ ಸೀಳದಿರಲಿ. ಕೊಂಬೆಯ ಬುಡದಲ್ಲಿ ಉಬ್ಬಿದ ಬಳೆಯಂತಹ ಭಾಗವನ್ನು ಉಳಿಸಿ, ಅದರ ಹೊರಬದಿಯಲ್ಲಿಯೇ ಕೊಯ್ಯಬೇಕು; ಉದ್ದನೆಯ ಮೋಟನ್ನೂ ಬಿಡಬಾರದು. ಜೋಕಾಲಿಯ ಹಗ್ಗ ತೊಗಟೆಯನ್ನು ಸವೆಸದಂತೆ ಕೆಳಗೆ ಗೋಣಿಯ ಮಡಿಕೆ ಇಡಬೇಕು. ಬುಡದ ಸುತ್ತ ಕಸ ಸುಡಬಾರದು.

ಪೊಟರೆ ಇದ್ದ ಮಾತ್ರಕ್ಕೆ ಮರವನ್ನು ಕೆಡಹುವುದು ಅವಿವೇಕ. ಆದರೆ ಬುಡದಲ್ಲಿ ಅಣಬೆಯಿದ್ದು, ಮರ ಮನೆಯ ಕಡೆಗೆ ಹೊಸದಾಗಿ ವಾಲಿದ್ದರೆ ಅಥವಾ ಬೇರಿನ ಬಳಿ ಮಣ್ಣು ಬಿರಿದಿದ್ದರೆ ತಡಮಾಡಬಾರದು. ಎಲೆ ಹಸುರಾಗಿದೆಯೆಂಬ ಧೈರ್ಯ ಅಲ್ಲಿ ಸಲ್ಲದು. ಬೇರಿನ ಬಲ ಕುಂದಿದ್ದರೂ ಎಲೆ ಅದನ್ನು ಹೇಳುವುದಿಲ್ಲ. ಮಕ್ಕಳನ್ನು ಅದರ ಕೆಳಗೆ ಆಡಗೊಡದೆ, ಮಳೆಗಾಳಿಗೆ ಮುನ್ನವೇ ಬಲ್ಲವರಿಗೆ ತೋರಿಸಿ ನಿರ್ಧರಿಸುವುದು ಲೇಸು.